ಎರಡೇ ದಿನದಲ್ಲಿ ಬಂದ ವರದಿ: ಮಕ್ಕಳನ್ನು ಮನೋವೈಜ್ಞಾನಿಕ ಪರೀಕ್ಷೆಗೆ ಕರೆದೊಯ್ಯುವವರು ದಯವಿಟ್ಟು ಓದಿ

ಕಳೆದ ವಾರ ನನ್ನ ಒಂಬತ್ತು ವರ್ಷದ ಮಗಳ ತರಗತಿಯ ಶಿಕ್ಷಕಿ ಫೋನ್ ಮಾಡಿ, "ಮೇಡಂ, ನಾನು ಪ್ರಶ್ನಾವಳಿ ತುಂಬಿಕೊಟ್ಟಿದ್ದೇನೆ ಎಂದು ವರದಿಯಲ್ಲಿ ಬರೆದಿದ್ದಾರೆ. ನನಗೆ ಯಾರೂ ಯಾವ ಪ್ರಶ್ನಾವಳಿಯನ್ನೂ ಕಳುಹಿಸಿಲ್ಲವಲ್ಲ?" ಎಂದು ಕೇಳಿದರು. ನಾನು ಏನೋ ಸಮಜಾಯಿಷಿ ಹೇಳಲು ಹೊರಟೆ. ಅಷ್ಟರಲ್ಲಿ ಅವರು ಸ್ವಲ್ಪ ಹಿಂಜರಿಯುತ್ತಲೇ, "ಇನ್ನೊಂದು ವಿಷಯ, ನಾಲ್ಕನೆಯ ಪುಟದಿಂದ ಮುಂದೆ ಎಲ್ಲ ಕಡೆ 'ಅವನು' ಎಂದಿದೆ" ಎಂದರು. ಆ ವರದಿಯನ್ನು ಶಾಲೆಗೆ ಕಳುಹಿಸಿದವಳು ನಾನು. ನಾಲ್ಕನೆಯ ಪುಟವನ್ನು ಓದದೆ ಕಳುಹಿಸಿದವಳೂ ನಾನೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮಗಳು ಓದುವುದು ನಿಧಾನ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗಳನ್ನು ಮುಟ್ಟುವುದೇ ಇಲ್ಲ, ಮಧ್ಯದಲ್ಲಿ ಗಮನ ಬೇರೆಡೆ ಹೋಗುತ್ತದೆ. ಮೌಲ್ಯಮಾಪನದ ವರದಿ ತಂದುಕೊಟ್ಟರೆ ಹೆಚ್ಚುವರಿ ಸಮಯ ಕೊಡಲು ಸಾಧ್ಯವೇ ಎಂದು ನೋಡುವುದಾಗಿ ಶಾಲೆಯವರು ಹೇಳಿದ್ದರು. ವಿಚಾರಿಸಿದಾಗ ಒಬ್ಬ ಮನಶ್ಶಾಸ್ತ್ರಜ್ಞೆ ಮೂರು ಭೇಟಿಗಳು ಬೇಕು, ವರದಿಗೆ ಅದಾದ ಮೇಲೆ ಇನ್ನೂ ಕೆಲವು ವಾರ ಹಿಡಿಯುತ್ತದೆ ಎಂದರು. ಇನ್ನೊಂದು ಕೇಂದ್ರದವರು ಒಂದೇ ಭೇಟಿ, ಎರಡೇ ದಿನದಲ್ಲಿ ವರದಿ ಎಂದರು. ನಾನು ಎರಡು ದಿನದವರ ಬಳಿಗೆ ಹೋದೆ. ಮೋಸ ಹೋದೆ ಎಂದು ಹೇಳುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು: ಆ ಎರಡು ದಿನ ಎಂಬ ಮಾತೇ ನನಗೆ ಹಿಡಿಸಿತ್ತು.

ಅಲ್ಲಿ ಹಿರಿಯರೊಬ್ಬರು ಹತ್ತು ನಿಮಿಷ ಮಾತನಾಡಿದರು. ಮಗು ಯಾವಾಗ ಮಾತು ಕಲಿಯಿತು, ಕಣ್ಣು ಮತ್ತು ಕಿವಿಯ ತಪಾಸಣೆಯಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಓದಿನ ತೊಂದರೆ ಇತ್ತೇ, ಇವೊಂದನ್ನೂ ಕೇಳಲಿಲ್ಲ. ಆಮೇಲೆ ಒಬ್ಬ ಯುವತಿ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ನಲವತ್ತು ನಿಮಿಷಕ್ಕೆ ಹೊರಗೆ ಕಳುಹಿಸಿದಳು. ತರಬೇತಿಯಲ್ಲಿರುವವರು ಹಿರಿಯರ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಸುವುದು ತಪ್ಪೇನಲ್ಲ, ಅದು ಈ ವೃತ್ತಿಯಲ್ಲಿ ಇದ್ದದ್ದೇ. ಆದರೆ ವರದಿಯಲ್ಲಿ ಆ ಯುವತಿಯ ಹೆಸರೇ ಇಲ್ಲ. ಮಗುವಿನ ವರ್ತನೆಯನ್ನು ಸ್ವತಃ ಗಮನಿಸಿದೆವು ಎಂದು ಬರೆದು ಸಹಿ ಹಾಕಿರುವವರು ಮಗಳ ಮುಖವನ್ನೂ ಸರಿಯಾಗಿ ನೋಡದ ಆ ಹಿರಿಯರು.

ಶಿಕ್ಷಕಿಯ ಫೋನ್ ಬಂದ ದಿನವೇ ಕೇಂದ್ರಕ್ಕೆ ಕರೆ ಮಾಡಿದೆ. 'ಅವನು' ಎಂಬುದಕ್ಕೆ ಉತ್ತರ ತಕ್ಷಣ ಬಂತು: "ಹಳೆಯ ನಮೂನೆಯಲ್ಲಿ ಹಾಗೇ ಉಳಿದುಕೊಂಡಿದೆ ಮೇಡಂ, ಅದರಿಂದ ಫಲಿತಾಂಶ ಬದಲಾಗುವುದಿಲ್ಲ." ಹಳೆಯ ನಮೂನೆ ಎಂದರೆ ಯಾರ ನಮೂನೆ? ಯಾವುದೋ ಹುಡುಗನ ವರದಿಯ ಮೇಲೆ ನನ್ನ ಮಗಳ ಹೆಸರನ್ನು ಕೂರಿಸಿದ್ದಾರೆ ಎಂದು ತಾನೇ ಅದರ ಅರ್ಥ? ನಾಳೆ ನನ್ನ ಮಗಳ ವರದಿಯ ಸಾಲುಗಳು ಇನ್ಯಾವ ಮಗುವಿನ ಹೆಸರಿನಲ್ಲಿ ಓಡಾಡುತ್ತವೆಯೋ ತಿಳಿಯದು. ಶಿಕ್ಷಕಿಯ ಪ್ರಶ್ನಾವಳಿ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. "ಶಿಕ್ಷಕರು ಏನು ಹೇಳುತ್ತಾರೆ ಎಂದು ನೀವೇ ಹೇಳಿದ್ದಿರಲ್ಲ, ಅದನ್ನೇ ಶಿಕ್ಷಕರ ಮಾಹಿತಿ ಎಂದು ತೆಗೆದುಕೊಂಡಿದ್ದೇವೆ."

ಇದು ಸಣ್ಣ ತಪ್ಪಲ್ಲ. ವರದಿಯ ತೀರ್ಮಾನ ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ, ಅಂದರೆ ಎಡಿಎಚ್‌ಡಿ ಎಂದು. ಅವರೇ ವರದಿಯಲ್ಲಿ ಹೆಸರಿಸಿರುವ, 2013ರಲ್ಲಿ ಹೊರಬಂದ ಡಿಎಸ್‌ಎಂ-5 ಎಂಬ, ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಕೈಪಿಡಿಯ ಪ್ರಕಾರ ಹಾಗೆ ಹೇಳಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳು ಇದ್ದಿರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು, ಜೊತೆಗೆ ಮನೆ ಮತ್ತು ಶಾಲೆಯಂತಹ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಾಣಬೇಕು. ಶಾಲೆಯನ್ನು ಕೇಳದೆ ಶಾಲೆಯಲ್ಲಿ ಮಗು ಹೇಗಿರುತ್ತದೆ ಎಂದು ಇವರಿಗೆ ತಿಳಿದದ್ದು ಹೇಗೆ?

ಎರಡು ಗಂಟೆಯ ನಂತರ ತಿದ್ದಿದ ವರದಿ ಬಂತು. 'ಅವನು' ಎಲ್ಲ ಕಡೆ 'ಅವಳು' ಆಗಿತ್ತು. ಶಿಕ್ಷಕಿಯ ಪ್ರಶ್ನಾವಳಿಯ ಸಾಲು ಮಾಯವಾಗಿತ್ತು. ತೀರ್ಮಾನ ಮಾತ್ರ ಅಕ್ಷರವೂ ಬದಲಾಗದೆ ಹಾಗೆಯೇ ಇತ್ತು! ಆಧಾರವನ್ನು ತೆಗೆದುಹಾಕಿದ ಮೇಲೂ ತೀರ್ಮಾನ ಅಲುಗಾಡದೆ ನಿಂತಿದೆ ಎಂದರೆ ಆ ಆಧಾರ ಮೊದಲಿನಿಂದಲೂ ಲೆಕ್ಕಕ್ಕೇ ಇರಲಿಲ್ಲ. ನಾನು ನಿಜವಾಗಿ ಮೋಸ ಹೋದೆ ಎಂದು ಅರಿವಾದದ್ದು ಫೋನಿನಲ್ಲಲ್ಲ, ಈ ಎರಡನೆಯ ವರದಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದಾಗ.

ಬುದ್ಧಿಮಟ್ಟದ ಭಾಗವೂ ಹಾಗೆಯೇ. ವೆಕ್ಸ್ಲರ್ ಮಕ್ಕಳ ಪರೀಕ್ಷೆ ಮಾಡಿದ್ದಾಗಿ ಬರೆದು 82 ಎಂಬ ಒಂದೇ ಒಂದು ಸಂಖ್ಯೆಯನ್ನು ಕೊಟ್ಟಿದ್ದಾರೆ. 2014ರಲ್ಲಿ ಬಂದ ಅದರ ಐದನೆಯ ಆವೃತ್ತಿಯಲ್ಲಿ 10 ಮುಖ್ಯ ಉಪಪರೀಕ್ಷೆಗಳಿದ್ದು, ಭಾಷಾ ಗ್ರಹಿಕೆ, ಕೆಲಸದ ವೇಗ, ತಾತ್ಕಾಲಿಕ ನೆನಪು ಮುಂತಾದ ಐದು ಸೂಚ್ಯಂಕಗಳು ಬೇರೆ ಬೇರೆಯಾಗಿ ಬರುತ್ತವೆ. ನಮ್ಮಂತಹವರಿಗೆ ಬೇಕಾಗಿರುವುದೇ ಆ ವ್ಯತ್ಯಾಸ, ಏಕೆಂದರೆ ಮಗು ನಿಧಾನವೋ, ಮರೆಯುತ್ತದೆಯೋ, ಓದೇ ಕಷ್ಟವೋ ಎಂಬ ಸುಳಿವು ಸಿಗುವುದು ಅಲ್ಲಿ. ಸರಾಸರಿಯೇ 100, ಅದು ಗರಿಷ್ಠ ಅಂಕವಲ್ಲ ಎಂಬ ಒಂದು ಸಾಲಿನ ವಿವರಣೆಯೂ ವರದಿಯಲ್ಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ನೋಡಿದ ಮಗಳು "ಅಮ್ಮ, ನೂರಕ್ಕೆ ಎಂಬತ್ತೆರಡಾ?" ಎಂದು ಖುಷಿಯಿಂದ ಕೇಳಿದಳು. ನಾನು ಹೌದು ಎಂದುಬಿಟ್ಟೆ.

ನಂತರ ಮೂರು ಭೇಟಿ ಬೇಕು ಎಂದಿದ್ದ ಮನಶ್ಶಾಸ್ತ್ರಜ್ಞೆಯ ಬಳಿಗೇ ತಲೆ ತಗ್ಗಿಸಿಕೊಂಡು ಹೋದೆ. ಯಾವ ಪರೀಕ್ಷೆಯನ್ನು ನಿಜವಾಗಿ ಮಾಡಿದ್ದಾರೆ ಎಂದು ತಿಳಿಯದೆ ಅದನ್ನೇ ಮತ್ತೆ ಮಾಡಲು ಅವರು ಒಪ್ಪಲಿಲ್ಲ, ಏಕೆಂದರೆ ಅದೇ ಪರೀಕ್ಷೆಯನ್ನು ಬೇಗನೆ ಮತ್ತೊಮ್ಮೆ ಮಾಡಿದರೆ ಮಗುವಿಗೆ ಅದು ರೂಢಿಯಾಗಿ ಅಂಕಗಳು ಏರುತ್ತವೆ, ಆ ಅಂಕಗಳನ್ನು ನಂಬಲಾಗದು. ಮೂಲ ಅಂಕಗಳನ್ನು ತರಿಸಿ ಎಂದರು. ಕೇಂದ್ರದವರು "ಅದು ಗೌಪ್ಯ" ಎಂದರು. ಪ್ರಶ್ನೆಪುಸ್ತಕವನ್ನು ನನ್ನ ಕೈಗೆ ಕೊಡಬೇಡಿ, ಸರಿ. ನನ್ನ ಒಪ್ಪಿಗೆ ಪತ್ರ ಪಡೆದು ನನ್ನ ಮಗಳ ಅಂಕಗಳನ್ನು ಅರ್ಹರಾದ ಇನ್ನೊಬ್ಬ ಮನಶ್ಶಾಸ್ತ್ರಜ್ಞೆಗೆ ಕಳುಹಿಸಲು ಏನು ಅಡ್ಡಿ? ಹೀಗೆ ಬರೆದು ಕೇಳಿದ್ದಕ್ಕೆ ಬಂದ ಕೊನೆಯ ಉತ್ತರ: "ನಿಮಗೆ ಬೇಕಾದ ಫಲಿತಾಂಶ ಬರಲಿಲ್ಲ ಎಂದು ಹೀಗೆ ಮಾಡುತ್ತಿದ್ದೀರಿ." ವಿಪರ್ಯಾಸವೆಂದರೆ ನನಗೆ ಬೇಕಾದ ಫಲಿತಾಂಶವೇ ಬಂದಿತ್ತು. ಹೆಚ್ಚುವರಿ ಸಮಯ ಸಿಗುತ್ತದೆ ಎಂಬ ಸಾಲನ್ನು ಮೊದಲ ಪುಟದಲ್ಲಿ ಕಂಡ ಕೂಡಲೇ ಉಳಿದ ಪುಟಗಳನ್ನು ಓದದೆ ಶಾಲೆಗೆ ಕಳುಹಿಸಿದ್ದು ಅದಕ್ಕೇ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಕೇಳಿ. ಮಗುವಿನ ಎದುರು ಕೂರುವವರು ಯಾರು, ಸಹಿ ಮಾಡುವವರು ಯಾರು, ಅವರ ನೋಂದಣಿ ಸಂಖ್ಯೆ ಏನು, ಯಾವ ಪರೀಕ್ಷೆಯ ಯಾವ ಆವೃತ್ತಿ, ಶಾಲೆಯನ್ನು ಅವರೇ ನೇರವಾಗಿ ಸಂಪರ್ಕಿಸುತ್ತಾರೆಯೇ, ಫಲಿತಾಂಶವನ್ನು ಎದುರು ಕೂರಿಸಿಕೊಂಡು ವಿವರಿಸುತ್ತಾರೆಯೇ, ಬೇಕಾದರೆ ಅಂಕಗಳನ್ನು ಇನ್ನೊಬ್ಬರಿಗೆ ಕಳುಹಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇಷ್ಟು ಕೇಳಿದರೆ ಬೇಸರಪಡುವವರ ಬಳಿಗೆ ಹೋಗಲೇಬೇಡಿ. ಮತ್ತು ನಾಲ್ಕನೆಯ ಪುಟವನ್ನು ಓದಿ.

ಆ ವರದಿಯನ್ನು ಕಡತದಿಂದ ತೆಗೆದುಹಾಕುವಂತೆ ಶಾಲೆಗೆ ಪತ್ರ ಬರೆದಿದ್ದೇನೆ. ಬದಲಿ ವರದಿ ಬಂದ ಮೇಲೆ ತೆಗೆಯುತ್ತೇವೆ ಎಂದು ಉತ್ತರ ಬಂದಿದೆ. ಹೊಸ ಮೌಲ್ಯಮಾಪನ ಮುಗಿಯಲು ಇನ್ನೂ ತಿಂಗಳುಗಳು ಬೇಕು. ಅಲ್ಲಿಯವರೆಗೆ ನನ್ನ ಮಗಳ ಹೆಸರಿನ ಕಡತದಲ್ಲಿ ಯಾವುದೋ ಹುಡುಗನ ವರದಿಯೇ ಇರುತ್ತದೆ.