ಪದ ಒತ್ತಿದರೆ ಅರ್ಥ ಬರುತ್ತದೆ, ಸರಿಯಾದದ್ದೇ ಬರಬೇಕೆಂದಿಲ್ಲ: ಪರ್ಸಿಯಸ್ ಗ್ರಂಥಾಲಯದ ವಿಮರ್ಶೆ

ಹೋಮರನನ್ನೋ ಪ್ಲೇಟೋವನ್ನೋ ಗ್ರೀಕಿನಲ್ಲೇ ಓದಬೇಕೆಂದು ಹೊರಟವರು ಒಂದಲ್ಲ ಒಂದು ದಿನ ಪರ್ಸಿಯಸ್ ಡಿಜಿಟಲ್ ಲೈಬ್ರರಿಯ ಬಾಗಿಲಿಗೆ ಬಂದೇ ಬರುತ್ತಾರೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ನಡೆಸುವ ಈ ತಾಣ ಗ್ರೆಗರಿ ಕ್ರೇನ್ ಅವರ ನೇತೃತ್ವದಲ್ಲಿ 1980ರ ದಶಕದಲ್ಲಿ ಶುರುವಾಗಿ, ಮೊದಲು ಡಿಸ್ಕಿನ ರೂಪದಲ್ಲಿ ಹೊರಬಂದು, 1995ರಲ್ಲಿ ವೆಬ್‌ಗೆ ಬಂತು. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಮೂಲಪಾಠ, ಇಂಗ್ಲಿಷ್ ಅನುವಾದ, ನಿಘಂಟು, ವ್ಯಾಕರಣ, ಟೀಕೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಗ್ರೀಕ್ ಸಾಲಿನ ಯಾವ ಪದದ ಮೇಲೆ ಒತ್ತಿದರೂ ಅದರ ಮೂಲರೂಪ, ವಿಭಕ್ತಿ, ವಚನ, ಕಾಲ ತೆರೆದುಕೊಳ್ಳುತ್ತವೆ. ಜನ ಮರುಳಾಗುವುದೂ ಇದಕ್ಕೇ, ಎಡವುವುದೂ ಇಲ್ಲೇ.

ಇಲಿಯಡ್‌ನ ಮೊದಲ ಮೂರು ಪದ ನೋಡಿ: ‘ಮೇನಿನ್ ಅಎಯ್ದೆ ಥೆಆ’. ಮೊದಲನೆಯದರಲ್ಲಿ ತಕರಾರಿಲ್ಲ. ಅದು ‘ಮೇನಿಸ್’ ಎಂಬುದರ ದ್ವಿತೀಯಾ ಏಕವಚನ, ‘ಕ್ರೋಧವನ್ನು’. ಎರಡನೆಯ ಪದ ಒತ್ತಿದರೆ ಒಂದಕ್ಕಿಂತ ಹೆಚ್ಚು ಉತ್ತರ ಬರುತ್ತವೆ: ವಿಧ್ಯರ್ಥ ಮಧ್ಯಮ ಪುರುಷ (‘ಹಾಡು’), ಇಲ್ಲವೇ ಭೂತಕಾಲಕ್ಕೆಂದು ಪದದ ಮೊದಲಿಗೆ ಸೇರುವ ಸ್ವರ (ಆಗಮ) ಬಿಟ್ಟುಹೋದ ಭೂತಕಾಲದ ಪ್ರಥಮ ಪುರುಷ (‘ಹಾಡುತ್ತಿದ್ದಳು’). ‘ಥೆಆ’ ಕೂಡ ಹಾಗೆಯೇ, ಪ್ರಥಮಾ ಆಗಬಹುದು, ಸಂಬೋಧನೆಯೂ ಆಗಬಹುದು. ಹೀಗಾಗಿ ‘ದೇವಿ ಕ್ರೋಧವನ್ನು ಹಾಡುತ್ತಿದ್ದಳು’ ಎಂದೂ ಓದಬಹುದು, ‘ಕ್ರೋಧವನ್ನು ಹಾಡು, ದೇವೀ’ ಎಂದೂ ಓದಬಹುದು. ಪದರೂಪವೊಂದನ್ನೇ ನೋಡಿದರೆ ಎರಡೂ ಸಾಧು. ಕವಿ ಹೇಳಿದ್ದು ಎರಡನೆಯದನ್ನು.

ಕಾರಣ ಸರಳ. ಒಳಗಿರುವ ಮಾರ್ಫಿಯಸ್ ಎಂಬ ವಿಶ್ಲೇಷಕ ನೋಡುವುದು ಪದರೂಪವನ್ನು, ವಾಕ್ಯವನ್ನಲ್ಲ. ಆ ರೂಪ ಏನೇನಾಗಬಹುದೋ ಅಷ್ಟನ್ನೂ ಎದುರಿಗೆ ಸುರಿಯುತ್ತದೆ. ಆಮೇಲೆ ಅಂಕಿಅಂಶದ ಲೆಕ್ಕ ಹಾಕಿ ಒಂದಕ್ಕೆ ‘ಇದೇ ಇರಬಹುದು’ ಎಂಬ ಗುರುತು ಹಚ್ಚುತ್ತದೆ. ತಪ್ಪೂ ಇರಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಒಪ್ಪಿಕೊಂಡಿರುವುದು ನಿಜ, ಆದರೆ ಹೊಸಬರು ಅದನ್ನು ಓದುವುದಿಲ್ಲ, ಗುರುತು ಕಂಡದ್ದನ್ನು ನೋಟ್‌ಬುಕ್ಕಿಗೆ ಇಳಿಸಿ ಮುಂದೆ ಹೋಗುತ್ತಾರೆ.

ಇದಕ್ಕಿಂತ ನವಿರಾದ ಬಲೆ ಪ್ಲೇಟೋನ ‘ಅಪಾಲಜಿ’ಯ ಮೊದಲ ಪದದಲ್ಲೇ ಇದೆ. ‘ಹೊತಿ’ ಎಂದು ನಿಘಂಟಿನಲ್ಲಿ ಹುಡುಕಿದರೆ ‘ಎಂದು’, ‘ಏಕೆಂದರೆ’ ಎಂಬ ಅರ್ಥ ಎದುರಿಗೆ ನಿಲ್ಲುತ್ತದೆ. ಅದನ್ನು ಹಿಡಿದು ಹೊರಟರೆ ವಾಕ್ಯ ಕೂಡುವುದೇ ಇಲ್ಲ. ಅಲ್ಲಿರುವುದು ‘ಹೊಸ್ತಿಸ್’ ಸರ್ವನಾಮದ ನಪುಂಸಕ ರೂಪ, ‘ಏನು’ ಎಂದರ್ಥ. ನ್ಯಾಯಸಭೆಯ ಮುಂದೆ ಸಾಕ್ರೆಟಿಸ್ ಹೇಳುವುದು ಇದನ್ನು: ಅಥೆನ್ಸಿನ ಜನರೇ, ನನ್ನ ಮೇಲೆ ಆರೋಪ ಹೊರಿಸಿದವರಿಂದ ನಿಮಗೇನಾಯಿತೋ ನಾನರಿಯೆ. ಬೇರೆಡೆ ಇವೆರಡನ್ನೂ ಬೇರೆ ಬೇರೆ ತೋರಿಸಲು ಸರ್ವನಾಮವನ್ನು ಬಿಡಿಸಿ ಬರೆಯುವ ರೂಢಿಯೂ ಇದೆ. ಪರ್ಸಿಯಸ್ ಬಳಸಿರುವ ಬರ್ನೆಟ್ಟರ ಸಂಪಾದನೆಯಲ್ಲಿ ಪದ ಕೂಡಿಕೊಂಡೇ ಇದೆ.

ಲ್ಯಾಟಿನ್‌ನಲ್ಲಿ ಗೊಂದಲ ಇನ್ನೂ ಮೋಜಿನದು. ‘ಎಸ್ಟ್’ ಎಂದರೆ ‘ಇದೆ’. ಅದೇ ಎಕಾರ ದೀರ್ಘವಾದರೆ ‘ತಿನ್ನುತ್ತಾನೆ’. ಮೂಲಪಾಠದಲ್ಲಿ ದೀರ್ಘದ ಗುರುತು ಹಾಕುವುದಿಲ್ಲವಾದ್ದರಿಂದ ಎರಡೂ ಒಟ್ಟಿಗೆ ಪಟ್ಟಿಗೆ ಬರುತ್ತವೆ.

ಹಾಗಾದರೆ ಬಳಸುವುದು ಹೇಗೆ? ಮೊದಲು ಬಲಗಡೆಯ ಆಯ್ಕೆಗಳಲ್ಲಿ ಗ್ರೀಕ್ ಲಿಪಿ ಯೂನಿಕೋಡ್‌ಗೆ ಇದೆಯೇ ನೋಡಿಕೊಳ್ಳಿ. ಅನುವಾದದ ಪಕ್ಕದ ‘ಲೋಡ್’ ಒತ್ತಿದರೆ ಅದು ಮೂಲದ ಬದಿಗೆ ಬಂದು ಕೂರುತ್ತದೆ. ‘ಫೋಕಸ್’ ಒತ್ತಿದರೆ ಮೂಲವನ್ನು ಸರಿಸಿ ತಾನೇ ನಡುವೆ ಕೂರುತ್ತದೆ. ವಾಕ್ಯದ ಕ್ರಿಯಾಪದ ಯಾವುದೆಂದು ನೀವೇ ಊಹಿಸಿ, ಆಮೇಲೆ ಒತ್ತಿ. ಬಂದ ಪಟ್ಟಿಯಲ್ಲಿ ಗುರುತು ಹಾಕಿದ್ದನ್ನಲ್ಲ, ಅಕ್ಕಪಕ್ಕದ ಪದಗಳ ವಿಭಕ್ತಿಗೆ ಹೊಂದುವುದನ್ನು ಆರಿಸಿ. ಇಲ್ಲಿ ಸಂಸ್ಕೃತವೋ ಹಳಗನ್ನಡ ವ್ಯಾಕರಣವೋ ತಿಳಿದವರಿಗೆ ಅರ್ಧ ದಾರಿ ಸವೆದಿರುತ್ತದೆ. ನೆನಪಿಡಬೇಕಾದದ್ದು ಇಷ್ಟು: ಗ್ರೀಕಿನಲ್ಲಿ ಸಂಬೋಧನೆ ಸೇರಿ ಐದೇ ವಿಭಕ್ತಿಗಳು. ‘ಡೇಟಿವ್’ ಎಂದು ತೋರಿಸುವುದು ಚತುರ್ಥಿಯ ಜೊತೆಗೆ ತೃತೀಯಾ, ಸಪ್ತಮಿಗಳ ಕೆಲಸವನ್ನೂ ಮಾಡುತ್ತದೆ. ‘ಜೆನಿಟಿವ್’ ಪಂಚಮಿಯನ್ನು ನುಂಗಿಕೊಂಡಿದೆ.

ನಿಘಂಟುಗಳಲ್ಲೂ ಆರಿಸಿಕೊಳ್ಳಬೇಕು. ಹೋಮರನಿಗೆ ಆಟೆನ್‌ರೀತ್, ಪ್ಲೇಟೋಗೆ ಮಿಡಲ್ ಲಿಡ್ಡೆಲ್ ಸಾಕು. ದೊಡ್ಡ ಲಿಡ್ಡೆಲ್–ಸ್ಕಾಟ್–ಜೋನ್ಸ್ ನಿಘಂಟಿನಲ್ಲಿ ‘ಲೊಗೊಸ್’ ತೆರೆದರೆ ಅರ್ಥದೊಳಗೆ ಅರ್ಥ ಹುಟ್ಟಿ, ಕೊನೆಗೆ ಯಾವ ವಾಕ್ಯಕ್ಕಾಗಿ ಬಂದಿರಿ ಎಂಬುದೇ ಮರೆತುಹೋಗುತ್ತದೆ. ಅದೂ ಅಲ್ಲದೆ ಇಲ್ಲಿರುವುದು 1940ರ ಒಂಬತ್ತನೆಯ ಆವೃತ್ತಿ, 1996ರ ಪುರವಣಿ ಸೇರಿಲ್ಲ. ನಿಘಂಟು ಮಾತ್ರ ಬೇಕಿದ್ದವರು ಶಿಕಾಗೊ ವಿಶ್ವವಿದ್ಯಾಲಯದ ಲೊಗೆಯಾನ್‌ಗೆ ಹೋಗುವುದೇ ಮೇಲು. ಅಲ್ಲಿ ಹಲವು ಕೋಶಗಳು ಒಂದೇ ಪುಟದಲ್ಲಿ ಸಿಗುತ್ತವೆ.

ಪದ ಹುಡುಕಲು, ಗ್ರೀಕ್ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗಳಲ್ಲಿ ಬರೆಯುವ ಬೀಟಾ ಕೋಡ್ ಕಲಿತಿದ್ದರೆ ಒಳ್ಳೆಯದು. ಎಚ್ ಕೀಲಿಗೆ ಏಟಾ, ಡಬ್ಲ್ಯುಗೆ ಓಮೇಗಾ, ಕ್ಯೂಗೆ ಥೇಟಾ, ಸಿಗೆ ಕ್ಸೀ, ವೈಗೆ ಪ್ಸೀ. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಮೂಡಿಸಿ ಅಭ್ಯಾಸವಾದ ಕೈಗೆ ಇದು ಒಂದು ಸಂಜೆಯ ಕೆಲಸ.

ಟಿಪ್ಪಣಿ ಬರೆದುಕೊಳ್ಳುವಾಗ ಇಂಗ್ಲಿಷ್ ಲಿಪಿ ಬಿಟ್ಟು ಕನ್ನಡದಲ್ಲೇ ಬರೆದುಕೊಳ್ಳಿ. ಗ್ರೀಕಿನಲ್ಲಿ ಎ–ಏ, ಒ–ಓ ಬೇರೆ ಬೇರೆ ಅಕ್ಷರಗಳು. ತಾಣದ ರೋಮನ್ ಲಿಪ್ಯಂತರದಲ್ಲಿ ದೀರ್ಘಕ್ಕೆ ಅಕ್ಷರದ ತಲೆಗೆ ಟೋಪಿ ತೊಡಿಸಬೇಕಾಗುತ್ತದೆ, ನಮಗೆ ದೀರ್ಘದ ಗುರುತುಗಳು ಮೊದಲೇ ಇವೆ. ಥೇಟಾ, ಫೀ, ಖೀಗಳ ಹಳೆಯ ಉಚ್ಚಾರವೂ ನಮ್ಮ ಥ, ಫ, ಖ ಮಹಾಪ್ರಾಣಗಳೇ. ಉಪ್ಸಿಲಾನ್ ಒಂದು ಮಾತ್ರ ಕೈಕೊಡುತ್ತದೆ, ತುಟಿ ದುಂಡಗೆ ಮಾಡಿ ‘ಇ’ ಎನ್ನಬೇಕಾದ ಆ ಧ್ವನಿಗೆ ನಮ್ಮಲ್ಲಿ ಅಕ್ಷರವಿಲ್ಲ. ಛಂದಸ್ಸಿಗೂ ಈ ಬರವಣಿಗೆ ನೆರವಾಗುತ್ತದೆ: ಹೋಮರನ ಸಾಲಿನ ಮೂಲ ಗಣ ಗುರು–ಲಘು–ಲಘು, ಅಂದರೆ ನಮ್ಮ ಭಗಣ. ಇಲಿಯಡ್‌ನ ಮೊದಲ ಪದಕ್ಕೆ ಮುಂದಿನ ಪದದ ‘ಅ’ ಕೂಡಿಸಿ ‘ಮೇನಿನ’ ಎಂದು ಹೇಳಿ ನೋಡಿ.

ಉಲ್ಲೇಖ ಸಂಖ್ಯೆಗಳಲ್ಲಿ ಎಚ್ಚರ ಬೇಕು. ಪ್ಲೇಟೋಗೆ ತೊಂದರೆಯಿಲ್ಲ. 1578ರ ಸ್ತೆಫಾನಸ್ ಮುದ್ರಣದ ಪುಟಸಂಖ್ಯೆಯೇ (ಅಪಾಲಜಿ 17ಎ ಎಂಬಂತೆ) ಎಲ್ಲೆಡೆ ನಡೆಯುತ್ತದೆ, ಪ್ರತಿ ಸಲ ಒಂದು ತುಣುಕಷ್ಟೇ ತೆರೆಯುವುದೊಂದು ಕಿರಿಕಿರಿ. ಕಾಡುವವನು ರೋಮನ್ ಲೇಖಕ ಪ್ಲಿನಿ. ಭಾರತಕ್ಕೆ ಬರುವ ಹಡಗುಗಳ ಬಗ್ಗೆ ಬರೆಯುತ್ತ ಅವನು ಕೇರಳ ಕರಾವಳಿಯ ಮುಜಿರಿಸ್ ಬಂದರಿನ ಹತ್ತಿರ ‘ನಿಟ್ರಿಯಸ್’ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎನ್ನುತ್ತಾನೆ. ಮಂಗಳೂರಿನ ನೇತ್ರಾವತಿಯೊಂದಿಗೆ ಕೆಲವರು ತಳಕು ಹಾಕುವ ಹೆಸರು ಇದೇ. ವಿದ್ವಾಂಸರು ಈ ಮಾತನ್ನು 6.104 ಎಂದು ಉಲ್ಲೇಖಿಸುತ್ತಾರೆ. ಆದರೆ ತಾಣದಲ್ಲಿರುವ ಬಾಸ್ಟಕ್–ರೈಲಿ ಅನುವಾದ ಅಧ್ಯಾಯದ ಎಣಿಕೆಯಲ್ಲಿ ನಡೆಯುವುದರಿಂದ ಅಲ್ಲಿ 6.26ಕ್ಕೆ ಹೋಗಬೇಕು.

ಅನುವಾದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಕ್ಕುಸ್ವಾಮ್ಯದ ಕಾರಣಕ್ಕೆ ಬಹುಪಾಲು ನೂರು ವರ್ಷದ ಆಚೀಚಿನವು. ‘ಅಪಾಲಜಿ’ಗೆ ಇರುವ ಫೌಲರ್ ಅನುವಾದ 1914ರದು. ಅರ್ಥಕ್ಕೆ ಊರುಗೋಲಾಗುತ್ತವೆ, ಶೈಲಿಗಲ್ಲ. ನಿಜವಾದ ಕೊರತೆ ಬೇರೆಯೇ ಇದೆ: ಮೂಲಪಾಠಗಳನ್ನು ಹಾಕುವಾಗ ಅಡಿಯಲ್ಲಿದ್ದ ಪಾಠಾಂತರಗಳನ್ನು ಬಿಟ್ಟಿದ್ದಾರೆ. ಹಸ್ತಪ್ರತಿಯಲ್ಲಿ ಏನಿತ್ತು, ಸಂಪಾದಕ ತಿದ್ದಿದ್ದು ಎಲ್ಲಿ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಪಂಪನ ಪಾಠಾಂತರಗಳನ್ನು ಗುದ್ದಾಡಿ ಓದಿದವರಿಗೆ ಇದೆಷ್ಟು ದೊಡ್ಡ ನಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಲೇಖನ ಬರೆಯುವವರು ಅಚ್ಚಾದ ಸಂಪಾದನೆಯನ್ನು ನೋಡಲೇಬೇಕು.

ಟೀಕೆಗಳ ವಿಷಯಕ್ಕೆ ಬಂದರೆ ಮಾತ್ರ ತಾಣಕ್ಕೆ ಪೂರ್ತಿ ಅಂಕ. ಸಾಫೋಕ್ಲೀಸನ ನಾಟಕಗಳಿಗೆ ಇಂಗ್ಲಿಷ್ ವಿದ್ವಾಂಸ ಜೆಬ್ ಬರೆದ ಸಾಲುಸಾಲಿನ ಟೀಕೆ ಇಲ್ಲಿದೆ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಓದಿದವರು ಅದರ ಬೆನ್ನಿಗಿರುವ ‘ಏಜಾಕ್ಸ್’ ಅನ್ನು ಜೆಬ್‌ನ ಜೊತೆ ತೆರೆದಿಟ್ಟುಕೊಂಡರೆ, ಶ್ರೀಯವರು ಎಲ್ಲಿ ಮೂಲಕ್ಕೆ ಅಂಟಿಕೊಂಡರು, ಎಲ್ಲಿ ಮಹಾಭಾರತದ ಕಡೆ ತಿರುಗಿದರು ಎಂದು ಸಾಲು ಹಿಡಿದು ನೋಡಬಹುದು.

ಫೋನಿನಲ್ಲಿ ಓದುವವರಿಗೆ ಹಳೆಯ ತಾಣದ ಅಕ್ಷರ ತೀರಾ ಚಿಕ್ಕದು. ಅವರು ಪರ್ಸಿಯಸ್‌ನವರದೇ ಹೊಸ ಓದುತಾಣ, 2018ರಲ್ಲಿ ಬಂದ ಸ್ಕೇಫ್ ವ್ಯೂವರ್ ತೆರೆಯಲಿ, ಮೂಲ ಮತ್ತು ಅನುವಾದ ಅಕ್ಕಪಕ್ಕ ಅಚ್ಚುಕಟ್ಟಾಗಿ ಬರುತ್ತವೆ. ಜೆಬ್‌ನಂಥ ಟೀಕೆಗಳಿಗೆ ಮಾತ್ರ ಹಳೆಯ ತಾಣವೇ ಗತಿ. ಕನ್ನಡಕ್ಕೆ ಅನುವಾದಿಸುವವರಿಗೆ ಕೊನೆಯದೊಂದು ಮಾತು: ಗ್ರೀಕ್ ಕಡತಗಳನ್ನು ಗಿಟ್‌ಹಬ್‌ನಿಂದ ಇಳಿಸಿಕೊಳ್ಳಬಹುದು. ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಹಂಚುವುದಾದರೆ ಎಡಪುಟಕ್ಕೆ ಗ್ರೀಕ್, ಬಲಪುಟಕ್ಕೆ ಕನ್ನಡ ಇಟ್ಟು ಪುಸ್ತಕ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ.