ಹ್ಯಾಸ್ಕೆಲ್ ಪಾಠಕ್ಕೆ ಜಿಎಚ್‌ಸಿಅಪ್: ಕಾಸರಗೋಡಿನ ಲ್ಯಾಬಿನಲ್ಲಿ ಕಂಡಂತೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತೆಂಟು ಗಣಕಗಳಿವೆ. ಹೆಚ್ಚಿನವುಗಳಲ್ಲಿ 4 ಜಿಬಿ ರ‍್ಯಾಮ್, ಎಲ್ಲದರಲ್ಲೂ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ. ಪೆರ್ಲ, ಬದಿಯಡ್ಕ, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿಂದ ಬರುವ ಮಕ್ಕಳಿಗೆ ಉಬುಂಟು ಹೊಸತಲ್ಲ, ಏಕೆಂದರೆ ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಸ್ವತಂತ್ರ ತಂತ್ರಾಂಶದಲ್ಲಿ. ಆದ್ದರಿಂದ ಫಂಕ್ಷನಲ್ ಪ್ರೋಗ್ರಾಮಿಂಗ್ ಪಾಠ ನನ್ನ ಪಾಲಿಗೆ ಬಂದಾಗ ಟರ್ಮಿನಲ್ ತೆರೆಯುವುದನ್ನು ಕಲಿಸಬೇಕಾಗಿ ಬರಲಿಲ್ಲ. ಉಳಿದದ್ದು ಹ್ಯಾಸ್ಕೆಲ್ ಭಾಷೆಯ ಕಂಪೈಲರನ್ನು ಎಲ್ಲ ಗಣಕಗಳಲ್ಲೂ ಒಂದೇ ಆವೃತ್ತಿಯಲ್ಲಿ ಕೂರಿಸುವ ಕೆಲಸ. ಅದಕ್ಕೆ ನಾನು ಆರಿಸಿಕೊಂಡದ್ದು ಜಿಎಚ್‌ಸಿಅಪ್ ಎಂಬ ಉಚಿತ ಸ್ಥಾಪಕವನ್ನು.

ಜಾಲತಾಣದಲ್ಲಿ ಕೊಟ್ಟಿರುವ ಒಂದು ಸಾಲಿನ ಆಜ್ಞೆಯನ್ನು ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿದರೆ ಅದು ನಾಲ್ಕಾರು ಪ್ರಶ್ನೆಗಳನ್ನು ಕೇಳಿ, ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರನ್ನೂ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಕಬಾಲನ್ನೂ ತಂದು ಬಳಕೆದಾರನ ಹೋಮ್ ಫೋಲ್ಡರಿನಲ್ಲೇ ಇಡುತ್ತದೆ. ಇದರಿಂದ ಅಡ್ಮಿನ್ ಪಾಸ್‌ವರ್ಡ್ ಇಲ್ಲದ ವಿದ್ಯಾರ್ಥಿಯೂ ತನ್ನ ಲಾಗಿನ್‌ನಲ್ಲಿ ಎಲ್ಲವನ್ನೂ ಹಾಕಿಕೊಳ್ಳಬಹುದು. ಆದರೆ ಒಂದೇ ಗಣಕವನ್ನು ಮೂರು ತರಗತಿಯವರು ಮೂರು ಲಾಗಿನ್‌ಗಳಲ್ಲಿ ಬಳಸುವಲ್ಲಿ ಅದೇ ಸಾಮಾನು ಮೂರು ಸಲ ಡಿಸ್ಕ್ ತುಂಬುತ್ತದೆ, ಮತ್ತು ಅದು ಗಿಗಾಬೈಟುಗಳ ಲೆಕ್ಕದ ಸಾಮಾನು. ನಾನು ಕೊನೆಗೆ ಲ್ಯಾಬಿಗೆಂದೇ ಒಂದು ಸಾಮಾನ್ಯ ಲಾಗಿನ್ ಮಾಡಿಸಿದೆ.

ಮೊದಲ ದಿನ ನಾನು ಎಡವಿದ್ದು ನನ್ನದೇ ಅವಸರದಿಂದ. ಶುರುವಿನಲ್ಲಿ ಸ್ಥಾಪಕ ಯಾವ ಯಾವ ಲೈಬ್ರರಿಗಳು ಬೇಕೆಂದು ಹೆಸರು ಹಿಡಿದು ತಿಳಿಸುತ್ತದೆ. ನಾನು ಓದದೆ ಎಂಟರ್ ಒತ್ತಿದೆ. ಕಂಪೈಲರ್ ಬಂದಿತು, ಆದರೆ ಮೂರು ಸಾಲಿನ ಪ್ರೋಗ್ರಾಮನ್ನು ಕಂಪೈಲ್ ಮಾಡಹೊರಟರೆ ಜಿಎಂಪಿ ಎಂಬ ಲೈಬ್ರರಿ ಸಿಗಲಿಲ್ಲವೆಂದು ಲಿಂಕರ್ (ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಜೋಡಿಸುವ ಸಾಧನ) ತಕರಾರು ತೆಗೆಯಿತು. ಹ್ಯಾಸ್ಕೆಲ್‌ನ ಮಿತಿಯಿಲ್ಲದ ಪೂರ್ಣಾಂಕಗಳ ಲೆಕ್ಕ ನಡೆಯುವುದು ಆ ಲೈಬ್ರರಿಯ ಬಲದಿಂದ. ಅದರ ಡೆವ್ ಪ್ಯಾಕೇಜನ್ನು ಉಬುಂಟುವಿನ ಸ್ಥಾಪನಾ ಆಜ್ಞೆಯಾದ ಆಪ್ಟ್ ಮೂಲಕ ಹಾಕಿದ ಮೇಲೆ ದೂರು ನಿಂತಿತು. ಇದಕ್ಕೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಬೇಕೇ ಬೇಕು.

ಜಿಎಚ್‌ಸಿಅಪ್‌ನ ನಿಜವಾದ ಹೆಚ್ಚುಗಾರಿಕೆ ಆವೃತ್ತಿಗಳ ನಿರ್ವಹಣೆಯಲ್ಲಿದೆ. ಟಿಯುಐ ಎಂಬ ಪರದೆಯನ್ನು ತೆರೆದರೆ ಲಭ್ಯವಿರುವ ಆವೃತ್ತಿಗಳೆಲ್ಲ ಸಾಲಾಗಿ ಕಾಣುತ್ತವೆ, ಶಿಫಾರಸು ಮಾಡಿದ ಆವೃತ್ತಿಯ ಪಕ್ಕದಲ್ಲಿ ಅದರ ಗುರುತೂ ಇರುತ್ತದೆ. ಬೇಕಾದದ್ದನ್ನು ಒಂದು ಕೀಲಿಯಿಂದ ಹಾಕಿ, ಇನ್ನೊಂದರಿಂದ ಚಾಲ್ತಿಗೆ ತಂದು, ಮತ್ತೊಂದರಿಂದ ತೆಗೆದುಹಾಕಬಹುದು. ತೀರಾ ಕೆಟ್ಟರೆ ನ್ಯೂಕ್ ಎಂಬ ಆಜ್ಞೆ ಎಲ್ಲವನ್ನೂ ಗುಡಿಸಿಹಾಕುತ್ತದೆ, ಹೆಸರಿಗೆ ತಕ್ಕಂತೆ.

ಜುಲೈ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ, ನೆಟ್ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ; ನೂರಾರು ಎಂಬಿ ಗಾತ್ರದ ಕಡತವನ್ನು ಇಪ್ಪತ್ತೆಂಟು ಸಲ ಇಳಿಸಿಕೊಳ್ಳುವುದು ಆಗುವ ಮಾತಲ್ಲ. ಇಲ್ಲಿ ಉಪಯೋಗಕ್ಕೆ ಬಂದದ್ದು ಪ್ರೀಫೆಚ್ ಆಜ್ಞೆ. ಬೇಕಾದ ಆವೃತ್ತಿಯನ್ನೂ ಆವೃತ್ತಿಗಳ ಪಟ್ಟಿಯನ್ನೂ ಒಂದು ಗಣಕದಲ್ಲಿ ಮೊದಲೇ ಇಳಿಸಿಟ್ಟು, ಅವು ಕೂತ ಕ್ಯಾಶ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಉಳಿದವುಗಳಲ್ಲಿ ಆಫ್‌ಲೈನ್ ಆಯ್ಕೆಯೊಂದಿಗೆ ಸ್ಥಾಪಿಸಿದೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಇದನ್ನು ಬೇರೆ ಅಧ್ಯಾಪಕರಿಗೂ ಧೈರ್ಯವಾಗಿ ಹೇಳುತ್ತೇನೆ.

ಎಡಿಟರಿಗೆ ಬುದ್ಧಿ ಕೊಡುವ ಲ್ಯಾಂಗ್ವೇಜ್ ಸರ್ವರಿನ ವಿಷಯದಲ್ಲಿ ಈ ಉತ್ಸಾಹ ನನಗಿಲ್ಲ. ಅದು ಜಿಎಚ್‌ಸಿಯ ಎಲ್ಲ ಆವೃತ್ತಿಗಳೊಂದಿಗೂ ಹೊಂದುವುದಿಲ್ಲ. ಹೊಂದಿದರೂ ನೆನಪಿನ ಹಸಿವು ಬಹಳ. 4 ಜಿಬಿಯ ಗಣಕದಲ್ಲಿ ವಿಎಸ್ ಕೋಡ್ ಎಡಿಟರ್, ಬ್ರೌಸರ್, ಈ ಸರ್ವರ್ ಮೂರೂ ಒಟ್ಟಿಗೆ ಓಡಿದರೆ ಮೌಸ್ ಕೂಡ ತಡವರಿಸುತ್ತದೆ. ಆದ್ದರಿಂದ ಲ್ಯಾಬಿನಲ್ಲಿ ಅದನ್ನು ಬಿಟ್ಟೇ ಬಿಟ್ಟೆ: ಒಂದು ಬದಿಯಲ್ಲಿ ಸಾದಾ ಎಡಿಟರ್, ಇನ್ನೊಂದು ಬದಿಯಲ್ಲಿ ಬರೆದ ಸಾಲಿಗೆ ಕೂಡಲೇ ಉತ್ತರ ಕೊಡುವ ಜಿಎಚ್‌ಸಿಐ. ಟೈಪ್ ತಪ್ಪಿದಾಗ ಕೆಂಪು ಗೆರೆ ಕಾಣುವುದಿಲ್ಲವಾದರೂ ಮಕ್ಕಳು ದೋಷಸಂದೇಶವನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಂಡರು. ಎಲ್ಲವೂ ಒಂದೇ ಕಿಟಕಿಯಲ್ಲಿ ಬೇಕೆನ್ನುವವರಿಗೆ, ಭಾಷೆ ಬದಲಾಯಿಸಲು ಅಡ್ಡಿಯಿಲ್ಲದಿದ್ದರೆ, ರ‍್ಯಾಕೆಟ್ ಭಾಷೆಯ, ಎಡಿಟರ್ ಸಮೇತ ಬರುವ ಡಾಕ್ಟರ್‌ರ‍್ಯಾಕೆಟ್ ಸುಲಭ.

ಎರಡನೆಯ ವಾರ ಒಬ್ಬ ವಿದ್ಯಾರ್ಥಿನಿ ಜಿಎಚ್‌ಸಿಐಯಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಕನ್ನಡ ಎಂದು ಬರೆದು ಎಂಟರ್ ಒತ್ತಿದಳು. ಪರದೆಯ ಮೇಲೆ ಬಂದದ್ದು 3221, 3240, 3277, 3240, 3233 ಎಂಬ ಅಂಕಿಗಳು, ಪ್ರತಿಯೊಂದರ ಹಿಂದೆಯೂ ಒಂದು ಓರೆಗೆರೆ. ಸ್ಥಾಪನೆ ಕೆಟ್ಟಿದೆಯೆಂದು ಅವಳು ಗಾಬರಿಯಾದಳು. ಕೆಟ್ಟಿರಲಿಲ್ಲ. ಜಿಎಚ್‌ಸಿಐ ಉತ್ತರವನ್ನು ಶೋ ಎಂಬ ಫಂಕ್ಷನ್ ಮೂಲಕ ತೋರಿಸುತ್ತದೆ, ಅದು ಇಂಗ್ಲಿಷಿನಾಚೆಯ ಅಕ್ಷರಗಳನ್ನು ಯೂನಿಕೋಡ್ ಸಂಖ್ಯೆಗಳಾಗಿ ಬರೆಯುತ್ತದೆ. putStr, putStrLn ಜಾತಿಯ ಫಂಕ್ಷನ್ ಬಳಸಿದರೆ ಕನ್ನಡವೇ ಬರುತ್ತದೆ. ಉದ್ದ ಕೇಳಿದಾಗ ಮೂರಕ್ಷರದ ಪದಕ್ಕೆ 5 ಎಂಬ ಉತ್ತರ ಬಂದದ್ದೂ ಸರಿಯೇ, ಒತ್ತಕ್ಷರದೊಳಗಿನ ಹಲಂತ ಚಿಹ್ನೆಯನ್ನೂ (್) ಒತ್ತಾಗಿ ಕೂತ ಇನ್ನೊಂದು ನಕಾರವನ್ನೂ ಅದು ಬೇರೆ ಬೇರೆಯಾಗಿ ಎಣಿಸಿತ್ತು. ಆ ದಿನದ ಪಾಠ ಅಲ್ಲಿಗೇ ತಿರುಗಿತು.

ಮನೆಯಲ್ಲಿ ವಿಂಡೋಸ್ ಇರುವವರಿಗೂ ಜಿಎಚ್‌ಸಿಅಪ್ ಇದೆ. ಅದು ಲಿನಕ್ಸ್ ಮಾದರಿಯ ಸಾಧನಗಳನ್ನು ವಿಂಡೋಸಿಗೆ ಒದಗಿಸುವ ಎಂಸಿಸ್2 (MSYS2) ಎಂಬ ಪರಿಸರವನ್ನೂ ಜೊತೆಗೆ ತರುವುದರಿಂದ ಇನ್ನಷ್ಟು ಜಾಗ ಬೇಕು. ಅಲ್ಲಿ ಕನ್ನಡ ಮುದ್ರಿಸಹೊರಟು ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎಂಬ ದೋಷ ಬಂದರೆ, ಜಿಎಚ್‌ಸಿಐ ತೆರೆಯುವ ಮೊದಲು ಸಿಎಚ್‌ಸಿಪಿ (chcp) ಆಜ್ಞೆಯಿಂದ ಕನ್ಸೋಲಿನ ಕೋಡ್ ಪೇಜನ್ನು, ಅಂದರೆ ಅಕ್ಷರಗಳ ಸಂಕೇತಪಟ್ಟಿಯನ್ನು, 65001ಕ್ಕೆ (ಯುಟಿಎಫ್-8) ಬದಲಾಯಿಸಿಕೊಳ್ಳಬೇಕು.