ಏಳು ಮಳೆಗಾಲ ಕಂಡ ಡಬ್ಲ್ಯು.ಪಿ.ಸಿ. ಜಗಲಿ: ಕೊಳೆಯಲಿಲ್ಲ, ಆದರೆ ಜಾರುತ್ತದೆ

ಕೊಡಗಿನ ಚೇರಂಬಾಣೆ ಸಮೀಪದ ನಮ್ಮ ಮನೆಯ ತೆರೆದ ಜಗಲಿಗೆ 2018ರ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದ ಬೆನ್ನಿಗೆ, ಮರದ ಹುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ತಯಾರಿಸಿದ ಡಬ್ಲ್ಯು.ಪಿ.ಸಿ. (ವುಡ್ ಪ್ಲಾಸ್ಟಿಕ್ ಕಾಂಪೊಸಿಟ್) ಹಲಗೆಗಳನ್ನು ಹಾಕಿಸಿದೆವು. ಮೊದಲು ಅಲ್ಲಿದ್ದವು ನಮ್ಮದೇ ತೋಟದ ಸಿಲ್ವರ್ ಓಕ್ ಹಲಗೆಗಳು. ನಾಲ್ಕನೆಯ ಮಳೆಗಾಲಕ್ಕೆ ಅಡಿಯಿಂದ ಗೆದ್ದಲು ಹತ್ತಿ, ಕಾಲಿಟ್ಟಲ್ಲಿ ಕುಸಿಯುವಂತಾಗಿದ್ದವು. ತೇಗದ ಬೆಲೆ ಕೇಳಿಯೇ ಹಿಂದೆ ಸರಿದೆವು. ‘ಒಮ್ಮೆ ಹಾಕಿಸಿ ಮರೆತುಬಿಡಿ, ನಿರ್ವಹಣೆಯೇ ಬೇಡ’ ಎಂದು ಅಂಗಡಿಯವರು ಹೇಳಿದ್ದರು. ನನ್ನ ತಕರಾರೆಲ್ಲ ಆ ಮಾತಿನ ಮೇಲೆ.

ಹಲಗೆ ಹಾಕಿಸಿದ ವರ್ಷವೇ ಆಗಸ್ಟ್ ತಿಂಗಳ ಮಹಾಮಳೆ ಬಂತು. ಗುಡ್ಡಗಳೇ ಜಾರಿದ ಆ ಮಳೆಯನ್ನೂ ಅನಂತರದ ಆರು ಮಳೆಗಾಲಗಳನ್ನೂ ಈ ಹಲಗೆಗಳು ಕೊಳೆಯದೆ, ಗೆದ್ದಲು ಹಿಡಿಯದೆ ತಾಳಿಕೊಂಡಿವೆ. ಕಂದು ಬಣ್ಣ ಮೊದಲ ವರ್ಷದಲ್ಲೇ ಬೂದಿಗೆ ತಿರುಗಿ ಅಲ್ಲಿಗೆ ನಿಂತಿತು. ಬಡಗಿ ಗೋಡೆಯ ಕಡೆ ಸಂದು ಬಿಡದಿದ್ದ ಒಂದು ಹಲಗೆ ಮಾರ್ಚ್ ಬಿಸಿಲಿಗೆ ಹಿಗ್ಗಿ ನಡುವೆ ಎದ್ದು ನಿಂತಿದ್ದುಂಟು. ತುದಿಯನ್ನು ಐದು ಮಿ.ಮೀ. ಕೊಯ್ದ ಮೇಲೆ ತಾನಾಗಿ ಕುಳಿತುಕೊಂಡಿತು.

ನಿಜವಾದ ತೊಂದರೆ ಪಾಚಿಯದು. ಎರಡನೆಯ ವರ್ಷದ ಜುಲೈಯಲ್ಲಿ ಅವ್ವ ಗಮ್ ಬೂಟು ಕಳಚಿ ಬರಿಗಾಲನ್ನು ಜಗಲಿಯ ಮೇಲಿಡುತ್ತಲೇ ಜಾರಿ ಬಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ಆದರೆ ಅಂದಿನಿಂದ ಅವರು ಈ ಜಗಲಿಯನ್ನು ‘ನಿನ್ನ ಪ್ಲಾಸ್ಟಿಕ್ಕು’ ಎಂದೇ ಕರೆಯುತ್ತಾರೆ. ಇಂಥ ಹಲಗೆಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಮರದ ಹುಡಿಯೇ ಇರುತ್ತದೆ. ಒಳಗಿನ ಹುಡಿಯನ್ನು ಪ್ಲಾಸ್ಟಿಕ್ ಸುತ್ತುವರಿದು ಕಾಯುತ್ತದೆಯಾದರೂ ಮೇಲ್ಮೈಯ ಹುಡಿಗೆ ಆ ರಕ್ಷಣೆ ಇರುವುದಿಲ್ಲ. ಬಿಸಿಲಿಗೆ ಮೇಲ್ಪದರ ಸವೆದಂತೆ ಇನ್ನಷ್ಟು ಹುಡಿ ಹೊರಬಿದ್ದು ನೀರು ಹೀರುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಾಣದ ನಮ್ಮ ಉತ್ತರದ ಬದಿಯಲ್ಲಿ, ಹಲಗೆಗಳ ಸಂದಿಗೆ ಬಿದ್ದ ಸಿಲ್ವರ್ ಓಕ್ ಎಲೆಗಳು ಕೊಳೆತು ನೀರಿಳಿಯುವ ದಾರಿಯನ್ನೂ ಮುಚ್ಚಿದರೆ, ಪಾಚಿಗೆ ಇನ್ನೇನು ಬೇಕು?

ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ನನಗೆ ಬೆಳಗಿನ ಕೆಲಸವೊಂದು ಅಂಟಿಕೊಂಡಿದೆ. ಒಲೆಯ ಮೇಲೆ ಕಾಫಿಗೆ ನೀರಿಟ್ಟು ಹೊರಗೆ ಬಂದು, ಹಳೆಯ ಚಾಕುವಿನಿಂದ ಸಂದಿಯ ಎಲೆಗಳನ್ನು ಎತ್ತಿ ಹಾಕಿ, ಸಾಬೂನು ನೀರು ಚೆಲ್ಲಿ, ತೆಂಗಿನ ಕಡ್ಡಿಯ ಪೊರಕೆಯಿಂದ ಹಲಗೆಯ ಮೇಲಿನ ಗೀರುಗಳ ಉದ್ದಕ್ಕೇ ಉಜ್ಜುತ್ತೇನೆ. ಅಡ್ಡಕ್ಕೆ ಉಜ್ಜಿದರೆ ಗೀರಿನೊಳಗಿನ ಪಾಚಿ ಅಲ್ಲೇ ಉಳಿಯುತ್ತದೆ. ಕಾರು ತೊಳೆಯುವ ಯಂತ್ರವನ್ನು ಒಮ್ಮೆ ಬಳಸಿ, ಅದರ ರಭಸಕ್ಕೆ ಮೇಲ್ಮೈ ನಾರುನಾರಾಗಿ ಎದ್ದುದನ್ನು ಕಂಡು ಕೈಬಿಟ್ಟೆ. ಹತ್ತು ನಿಮಿಷದ ಈ ಕೆಲಸ ಮುಗಿಯುವಷ್ಟರಲ್ಲಿ ನೀರು ಕುದಿಯುತ್ತದೆ. ಲೋಟ ಹಿಡಿದು ಅದೇ ಒದ್ದೆ ಹಲಗೆಯ ಮೇಲೆ ಕುಳಿತು ತೋಟದ ಮೇಲಿನ ಮಂಜು ನೋಡುವಾಗ, ಅಂಗಡಿಯವರ ಮೇಲಿನ ಕೋಪ ಅಷ್ಟಾಗಿ ಉಳಿದಿರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ತಪ್ಪು ನನ್ನ ಜೇಬಿನದೂ ಹೌದು. ಮೇಲೆ ಬರೀ ಪ್ಲಾಸ್ಟಿಕ್ಕಿನ ತೆಳು ಕವಚ ಹೊದಿಸಿದ ಹಲಗೆಯೂ ಅಂದು ಅಂಗಡಿಯಲ್ಲಿತ್ತು. ಅದರ ಮೇಲ್ಮೈ ನೀರು ಹೀರುವುದು ಕಡಿಮೆ, ಬಣ್ಣವೂ ಹೆಚ್ಚು ಕಾಲ ನಿಲ್ಲುತ್ತದೆ. ಆ ವರ್ಷದ ಕರಿಮೆಣಸಿನ ಬೆಲೆ ನೋಡಿ ಅಗ್ಗದ್ದನ್ನೇ ಆರಿಸಿದ್ದೆ. ಬಿಸಿಲು ಬೀಳುವ ಅಂಗಳಕ್ಕಾದರೆ ಈ ಅಗ್ಗದ ಹಲಗೆಯೇ ಸಾಕು. ಮರದ ನೆರಳಿನ ಜಗಲಿಗೆ ಬೇಡ. ಈ ಬೇಸಿಗೆಯಲ್ಲಿ ಮೆಟ್ಟಿಲ ಬಳಿಯ ಎರಡು ಹಲಗೆಗಳನ್ನಷ್ಟೇ ಕವಚವಿರುವುದಕ್ಕೆ ಬದಲಾಯಿಸಲಿದ್ದೇನೆ. ಅವ್ವ ಬೂಟು ಕಳಚುವುದು ಅಲ್ಲಿಯೇ.